ಹನ್ನವ್ವ ತಿರುಗಿಸಿದ ಪಟ್ಟಿ ರಾಟಿ

ನಾನು ಒಂದು ರಾಟಿ. ರಾಟಿ ಎಂದ ಕೂಡಲೇ ನೂಲು ತೆಗೆಯುವ ರಾಟಿ ನಿಮ್ಮ ಕಣ್ಣಮುಂದೆ ಬರುತ್ತದೆ. ನಾನು ಆ ದೊಡ್ಡ ಮನೆತನಕ್ಕೆ ಸೇರಿದ್ದಲ್ಲ. ಗಾಯಕ್ಕೆ ಕಟ್ಟುವ ಬಟ್ಟೆಯ ಪಟ್ಟಿಯನ್ನು ಬಿಗಿಯಾದ ಉರುಳೆಯಾಗಿ ಸುತ್ತಿಕೊಡುವುದು ನನ್ನ ಕೆಲಸ. ಎರಡು ಹಲಗೆಯ ಕಾಲು, ನಡುವೆ ಒಂದು ಕಬ್ಬಿಣದ ಸಲಾಕೆ, ಅದರ ತುದಿಗೆ ತಿರುಗಿಸುವ ಹಿಡಿಕೆ, ಇಷ್ಟೇ ನನ್ನ ಮೈ. ಒಬ್ಬ ಹೆಂಗಸು ಬಗಲಲ್ಲಿ ಇಟ್ಟುಕೊಂಡು ನಡೆಯುವಷ್ಟು ಹಗುರ. ಆಸ್ಪತ್ರೆಯವರೆಲ್ಲ ನನ್ನನ್ನು ಪಟ್ಟಿ ರಾಟಿ ಎಂದು ಕರೆಯುತ್ತಿದ್ದರು.

ನಾನು ಹುಟ್ಟಿದ್ದು ಊರಾಚೆಯ ಎರೆಹೊಲದ ನಡುವೆ ಇದ್ದ ಮಿಶನ್ನಿನವರ ಕುಷ್ಠರೋಗದ ಆಸ್ಪತ್ರೆಯಲ್ಲಿ. ನನ್ನನ್ನು ಮಾಡಿದವನು ಬಡಿಗ ರೂಬೇನಪ್ಪ. ಅವನೂ ಅಲ್ಲಿಗೆ ರೋಗಿಯಾಗಿಯೇ ಬಂದವನು. ಗುಣವಾದ ಮೇಲೂ ಊರಿಗೆ ಹೋಗದೆ ಅಲ್ಲೇ ಉಳಿದುಕೊಂಡಿದ್ದ. ಕಂಪೌಂಡಿನ ಒಳಗಿದ್ದ ಸಣ್ಣ ಚರ್ಚಿನಲ್ಲಿ ಒಂದು ಬೆಂಚು ಮುರಿದಿತ್ತು. ಆ ಸಾಗವಾನಿ ಹಲಗೆಯಿಂದ ನನ್ನ ಕಾಲು ಮಾಡಿದ. ಮೂವತ್ತು ವರ್ಷ ಪ್ರಾರ್ಥನೆ ಕೇಳಿಸಿಕೊಂಡ ಹಲಗೆ ಎಂದು ನನಗೆ ಮೊದಮೊದಲು ಸ್ವಲ್ಪ ಜಂಬವೇ ಇತ್ತು. ಹಿಡಿಕೆಗೆ ಮಾತ್ರ ಜಾಲಿಯ ಕಟ್ಟಿಗೆ ಹಾಕಿದ, ಗಟ್ಟಿ ಇರಲಿ ಎಂದು.

ಹಿಡಿಕೆಯನ್ನು ಅವನು ಮೂರು ದಿನ ಉಜ್ಜಿದ. ಉಜ್ಜುವುದು, ನಿಲ್ಲಿಸುವುದು, ಹಿಡಿಕೆಯನ್ನು ಕೆನ್ನೆಗೆ ಒತ್ತಿಕೊಂಡು ಮೆಲ್ಲಗೆ ಹೊರಳಿಸುವುದು, ಮತ್ತೆ ಉಜ್ಜುವುದು. ನನಗೆ ಅದು ಮುದ್ದು ಮಾಡಿದಂತೆ ಕಾಣುತ್ತಿತ್ತು. ಆಮೇಲೆ ತಿಳಿಯಿತು, ಅವನ ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ರೋಗ ಹೋಗಿತ್ತು, ಹೋಗುವಾಗ ಕೈಗಳ ಅರಿವನ್ನು ಹೊತ್ತುಕೊಂಡು ಹೋಗಿತ್ತು. ಬಿಸಿ, ತಂಪು, ಚುಚ್ಚಿದ್ದು, ಕೊಯ್ದದ್ದು ಯಾವುದೂ ಆ ಕೈಗೆ ಗೊತ್ತಾಗುತ್ತಿರಲಿಲ್ಲ. ಮುಖದ ಚರ್ಮಕ್ಕೆ ಮಾತ್ರ ಇನ್ನೂ ತಿಳಿಯುತ್ತಿತ್ತು. ಆದ್ದರಿಂದ ಕಟ್ಟಿಗೆ ನುಣುಪಾಯಿತೋ ಇಲ್ಲವೋ ಎಂಬುದನ್ನು ರೂಬೇನಪ್ಪ ಕೆನ್ನೆಯನ್ನು ಕೇಳುತ್ತಿದ್ದ. ಇಷ್ಟು ಸಣ್ಣ ಸಾಮಾನಿಗೆ ಇಷ್ಟು ಕಷ್ಟ ಯಾಕೆ ಎಂದು ಯಾರೋ ನಕ್ಕಾಗ, ಇದನ್ನು ತಿರುಗಿಸುವವರ ಕೈಯೂ ನನ್ನಂಥದ್ದೇ ಅಲ್ಲವೇ ಎಂದಿದ್ದನಂತೆ. ಅವನು ಇರುವವರೆಗೆ ತಿಂಗಳಿಗೊಮ್ಮೆ ಬಂದು ನನ್ನನ್ನು ಕೆನ್ನೆಗೆ ಹಿಡಿದು ನೋಡಿ ಹೋಗುತ್ತಿದ್ದ.

ಹೆಂಗಸರ ವಾರ್ಡಿನ ಪಡಸಾಲೆಯಲ್ಲಿ ನನ್ನ ಜಾಗ. ಬಳಸಿದ ಪಟ್ಟಿಗಳನ್ನು ತೊಳೆದು, ದೊಡ್ಡ ಹಂಡೆಯಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ ನನ್ನ ಹತ್ತಿರ ತರುತ್ತಿದ್ದರು. ಒಂದು ಕೈಯಿಂದ ಪಟ್ಟಿಯ ಸುಕ್ಕು ಬಿಡಿಸುತ್ತ ಇನ್ನೊಂದು ಕೈಯಿಂದ ಹಿಡಿಕೆ ತಿರುಗಿಸಬೇಕು. ಸಡಿಲ ಸುತ್ತಿದರೆ ಕಟ್ಟುವವರ ಕೈಯಲ್ಲಿ ಬಿಚ್ಚಿ ನೆಲಕ್ಕೆ ಬೀಳುತ್ತದೆ, ನೆಲಕ್ಕೆ ಬಿದ್ದದ್ದು ಮತ್ತೆ ಹಂಡೆಗೆ ಹೋಗಬೇಕು. ಎಷ್ಟೋ ಮಂದಿ ನನ್ನನ್ನು ತಿರುಗಿಸಿದರು. ಕೆಲವರು ಹರಟೆ ಹೊಡೆಯುತ್ತ, ಕೆಲವರು ತೂಕಡಿಸುತ್ತ, ಒಬ್ಬಾಕೆಯಂತೂ ಯಾವಾಗಲೂ ಗಂಡನನ್ನು ಬೈಯುತ್ತ ತಿರುಗಿಸುತ್ತಿದ್ದಳು.

ಆಮೇಲೆ ಹನ್ನವ್ವ ಬಂದಳು.

ಅವಳನ್ನು ಮೈದುನ ಚಕ್ಕಡಿಯಲ್ಲಿ ತಂದು ಗೇಟಿನ ಮುಂದೆ ಇಳಿಸಿ, ಕ್ರಿಸ್ಮಸ್ಸಿಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋಗಿದ್ದ. ಕ್ರಿಸ್ಮಸ್ ಬಂತು, ಹೋಯಿತು. ಮರುವರ್ಷದ್ದೂ ಹೋಯಿತು. ಮದ್ದು ತಿಂದು ರೋಗ ನಿಂತಿತು, ಆದರೆ ಎರಡೂ ಕೈಗಳ ಅರಿವು ಹೋಗಿ ಬಲಗೈಯ ಬೆರಳುಗಳು ಅಂಗೈಯೊಳಗೆ ಮಡಚಿಕೊಂಡಿದ್ದವು. ಅವಳು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿರುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಕರೆಯದಿದ್ದರೆ ಇಲ್ಲ. ವಾರ್ಡಿನ ಸಿಸ್ಟರ್ ರತ್ನಪ್ರಭಾ ಒಂದು ದಿನ ಏನೂ ಹೇಳದೆ ನನ್ನನ್ನು ತಂದು ಅವಳ ಮಂಚದ ಮೇಲೆ ಇಟ್ಟು, ಒಂದು ಬುಟ್ಟಿ ಪಟ್ಟಿಯನ್ನು ಪಕ್ಕಕ್ಕಿಟ್ಟು ಹೋದರು. ಹನ್ನವ್ವ ಮಧ್ಯಾಹ್ನದವರೆಗೆ ನನ್ನನ್ನು ನೋಡಲೇ ಇಲ್ಲ. ಆಮೇಲೆ ಮಡಚಿದ ಬೆರಳುಗಳ ನಡುವೆ ನನ್ನ ಹಿಡಿಕೆಯನ್ನು ಸಿಕ್ಕಿಸಿಕೊಂಡು ಒಂದು ಸುತ್ತು ತಿರುಗಿಸಿದಳು. ಮೊದಲನೆಯ ಪಟ್ಟಿ ಓರೆಯಾಯಿತು. ಬಿಚ್ಚಿ ಮತ್ತೆ ಸುತ್ತಿದಳು. ಸಂಜೆಗೆ ಬುಟ್ಟಿ ಖಾಲಿಯಾಗಿತ್ತು.

ಅಂದಿನಿಂದ ಹತ್ತು ವರ್ಷ ನಾನು ಅವಳದು. ಅವಳಷ್ಟು ಚೊಕ್ಕಟವಾಗಿ ಸುತ್ತಿದವರನ್ನು ನಾನು ಕಂಡಿಲ್ಲ. ಒಂದು ಎಳೆ ಹೊರಗೆ ಕಾಣಬಾರದು, ಅಂಚಿಗೆ ಅಂಚು ಕೂಡಬೇಕು. ಹರಿದ ಪಟ್ಟಿ ಸಿಕ್ಕರೆ ಅದನ್ನು ಬೇರೆ ಇಟ್ಟು ಹೊಲಿಸಿ ತರುತ್ತಿದ್ದಳು. ಪಕ್ಕದ ಮಂಚದ ಫಕೀರವ್ವ, ಗಾಯಕ್ಕೆ ಕಟ್ಟೋದಕ್ಕೆ ಇಷ್ಟು ಚಂದ ಯಾಕೆ, ಕೀವಿಗೆ ಕಣ್ಣಿದೆಯೇ ಎಂದು ಕಾಡುತ್ತಿದ್ದಳು. ಹನ್ನವ್ವ ನಗುತ್ತಿದ್ದಳು, ಕೈ ನಿಲ್ಲಿಸುತ್ತಿರಲಿಲ್ಲ. ಒಂದು ಭಾನುವಾರ ಪಾದ್ರಿ ಅಯ್ಯನವರು ಹೇಳಿದ್ದರಂತೆ, ಕಸ ಗುಡಿಸಿದರೂ ಮನುಷ್ಯರಿಗಾಗಿ ಅಲ್ಲ, ಪ್ರಭುವಿಗಾಗಿಯೇ ಗುಡಿಸುತ್ತಿದ್ದೇನೆ ಎಂದುಕೊಂಡು ಗುಡಿಸಿರಿ ಎಂದು. ಉಳಿದವರು ಆ ಮಾತನ್ನು ಚರ್ಚಿನ ಬಾಗಿಲಲ್ಲೇ ಬಿಟ್ಟು ಬಂದರು. ಹನ್ನವ್ವ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. ಬೇಡವೆಂದು ಬಿಟ್ಟುಹೋದ ಹೆಂಗಸಿಗೆ, ನಿನ್ನ ಕೈಕೆಲಸ ದೇವರಿಗೆ ಬೇಕು ಎಂದು ಯಾರಾದರೂ ಹೇಳಿದರೆ ಅವಳು ಬೇರೇನು ಮಾಡಿಯಾಳು?

ಈಗ ಆಸ್ಪತ್ರೆಯ ಒಂದು ನಿಯಮ ಹೇಳಬೇಕು. ದಿನಾಲೂ ಸಂಜೆ ನಾಲ್ಕಕ್ಕೆ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕುಳಿತು ಕೈಕಾಲುಗಳನ್ನು ಬೋಗುಣಿಯ ನೀರಿನಲ್ಲಿ ಅರ್ಧ ತಾಸು ನೆನೆಹಾಕಬೇಕು. ಆಮೇಲೆ ಎಣ್ಣೆ ಸವರಿ, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎಲ್ಲಿಯಾದರೂ ಗಾಯವಾಗಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ನೋವು ಇಲ್ಲದವರಿಗೆ ಕಣ್ಣೇ ನೋವು ಎಂದು ಸಿಸ್ಟರ್ ಪದೇ ಪದೇ ಹೇಳುತ್ತಿದ್ದರು.

ಹತ್ತನೆಯ ವರ್ಷ ಇಬ್ಬರು ಹೊಸಬರು ಬರುವವರಿದ್ದರು ಎಂದು ಆಸ್ಪತ್ರೆಯೆಲ್ಲ ಗಡಿಬಿಡಿ. ಒಬ್ಬರು ಮಡಚಿದ ಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ನೆಟ್ಟಗೆ ಮಾಡುವ ದೊಡ್ಡ ಡಾಕ್ಟರು, ಇನ್ನೊಬ್ಬರು ಅವರ ಸಹಾಯಕರು. ಸುಗ್ಗಿ ಹಬ್ಬದ ಮರುದಿನದಿಂದ ಕೆಲಸ ಶುರು. ಶಸ್ತ್ರಕ್ರಿಯೆ ಆಗಬೇಕಾದವರ ಹೆಸರುಗಳಲ್ಲಿ ಹನ್ನವ್ವನದು ಎರಡನೆಯದು. ಅವಳಿಗೆ ಒಂದೇ ಆಸೆ ಇತ್ತು. ಚರ್ಚಿನಲ್ಲಿ ಪ್ರಭುಭೋಜನದ ದಿನ ಎಲ್ಲರೂ ಅಂಗೈ ಚಾಚಿ ರೊಟ್ಟಿಯ ತುಣುಕು ತೆಗೆದುಕೊಳ್ಳುವಾಗ ಅವಳ ಕೈ ಬಿಚ್ಚುತ್ತಿರಲಿಲ್ಲ, ಅಯ್ಯನವರು ಮಕ್ಕಳಿಗೆ ಉಣಿಸಿದಂತೆ ಬಾಯಿಗೇ ಇಡುತ್ತಿದ್ದರು. ಒಮ್ಮೆಯಾದರೂ ಬಲಗೈ ಬಿಚ್ಚಿ ಅದರಲ್ಲಿ ರೊಟ್ಟಿ ತೆಗೆದುಕೊಳ್ಳಬೇಕು ಎಂದು ಅವಳು ಫಕೀರವ್ವನ ಹತ್ತಿರ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ.

ಅಷ್ಟು ಶಸ್ತ್ರಕ್ರಿಯೆಗಳಿಗೆ ಪಟ್ಟಿ ಬೇಕಲ್ಲ! ಅದನ್ನೇ ಸುಗ್ಗಿ ಹಬ್ಬದ ಕಾಣಿಕೆ ಮಾಡುತ್ತೇನೆಂದು ಹನ್ನವ್ವ ನಿಶ್ಚಯಿಸಿದಳು. ಆ ಹಬ್ಬಕ್ಕೆ ಊರಿನ ವಿಶ್ವಾಸಿಗಳು ಜೋಳದ ತೆನೆ, ಕುಂಬಳಕಾಯಿ, ಕೋಳಿ, ಹೀಗೆ ಬೆಳೆದದ್ದರಲ್ಲಿ ಮೊದಲನೆಯದನ್ನು ತಂದು ದೇವರ ಮುಂದೆ ಇಡುತ್ತಾರೆ. ಹೊಲವಿಲ್ಲದ ರೋಗಿಗಳು ತಮ್ಮ ಕೆಲಸದ ಸಾಮಾನನ್ನೂ ಆ ಕೆಲಸದ ಫಲವನ್ನೂ ತಂದಿಡುವುದು ಆ ಚರ್ಚಿನ ರೂಢಿ. ಹಿಂದಿನ ವರ್ಷಗಳಲ್ಲಿ ನಾನೂ ಪೊರಕೆ, ಸನಿಕೆಗಳ ಜೊತೆ ಕುಳಿತು ಆಶೀರ್ವಾದ ಪಡೆದದ್ದುಂಟು. ಈ ಸಲ ದೊಡ್ಡ ಬುಟ್ಟಿ ತುಂಬಬೇಕು ಎಂದು ಅವಳ ಹಟ.

ರೂಬೇನಪ್ಪ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ನನ್ನನ್ನು ಕೆನ್ನೆಗೆ ಹಿಡಿಯುವವರು ಯಾರೂ ಇರಲಿಲ್ಲ. ಮಾಗಿಯ ಒಣಗಾಳಿ ಬೀಸಿತು. ನನ್ನ ಹಿಡಿಕೆ ಉದ್ದಕ್ಕೆ ಬಿರಿಯಿತು, ಬಿರುಕಿನಿಂದ ಒಂದು ಸಿಬಿರು ಎದ್ದಿತು. ಇಲ್ಲಿಂದ ಮುಂದೆ ಹೇಳುವುದಕ್ಕೆ ನನಗೆ ಮನಸ್ಸಿಲ್ಲ. ಆದರೆ ಹೇಳದೆ ಬಿಟ್ಟರೆ ಅದು ನನ್ನ ಕಥೆಯೇ ಆಗುವುದಿಲ್ಲ.

ಹಬ್ಬದ ಬುಟ್ಟಿಗಾಗಿ ಸುತ್ತಲು ಕುಳಿತ ಮೊದಲ ದಿನವೇ ಸಿಬಿರು ಅವಳ ಅಂಗೈಗೆ ಇಳಿಯಿತು. ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣವೇ ಕೈಬಿಟ್ಟು ನನ್ನನ್ನು ಬೈಯುತ್ತಿದ್ದರು. ಹನ್ನವ್ವ ಹಾಡಿಕೊಳ್ಳುತ್ತ ತಿರುಗಿಸುತ್ತಲೇ ಇದ್ದಳು. ಪ್ರತಿ ಸುತ್ತಿಗೂ ನಾನು ಒಳಗೆ ಒಳಗೆ ಕೊರೆದೆ. ಹಿಡಿಕೆ ಒದ್ದೆಯಾದದ್ದು ನನಗೆ ಗೊತ್ತಾಯಿತು, ಅವಳಿಗೆ ಗೊತ್ತಾಗಲಿಲ್ಲ. ಮಡಚಿದ ಬೆರಳುಗಳ ಮರೆಯಲ್ಲಿದ್ದ ಗಾಯ ಬೆರಳು ಬಿಡಿಸದೆ ಕಾಣುವಂತೆಯೂ ಇರಲಿಲ್ಲ. ಕಿರ್ರೆನ್ನಲು ನೋಡಿದೆ. ಕಿರ್ರೆಂದೆ ಕೂಡ. ಎಣ್ಣೆ ಕೇಳುತ್ತಿದೆ ಎಂದುಕೊಂಡು ಅವಳು ಸಲಾಕೆಗೆ ಎರಡು ಹನಿ ಬಿಟ್ಟಳು.

ಸಂಜೆ ನಾಲ್ಕರ ಹೊತ್ತಿಗಾದರೂ ಬೆರಳು ಬಿಡಿಸುತ್ತಾಳೆ ಎಂದು ಕಾದೆ. ಎಲ್ಲರೂ ಬೋಗುಣಿಯ ಮುಂದೆ ಕುಳಿತರು, ಅವಳು ನನ್ನ ಮುಂದೆಯೇ ಕುಳಿತಿದ್ದಳು. ಫಕೀರವ್ವ ಕರೆದಳು.

"ಏ ಹನ್ನವ್ವ, ಕೈ ನೆನಿ ಹಾಕ ಬಾರವ್ವ."

"ಅರ್ಧಾ ತಾಸು ನನ್ನ ಕೈ ನೋಡ್ಕೊಂತ ಕುಂತ್ರ ಹತ್ತು ಪಟ್ಟಿ ಹಿಂದ ಬೀಳ್ತಾವ. ಹಬ್ಬ ಮುಗೀಲಿ ತಡಿ," ಎಂದಳು ಹನ್ನವ್ವ. "ದೇವರ ಹೊತ್ತು ಕದ್ದು ನನ್ನ ಕೈಗೆ ಎಣ್ಣಿ ಹಚ್ಚೂದ್ಯಾಕ."

ರೋಗಿಗಳೆಲ್ಲ ಬಾಯಾರು ಎಂದು ಕರೆಯುತ್ತಿದ್ದ ಸಿಸ್ಟರ್ ಆ ವಾರವೆಲ್ಲ ಶಸ್ತ್ರಕ್ರಿಯೆಯ ಕೋಣೆ ಸಜ್ಜು ಮಾಡುವುದರಲ್ಲಿದ್ದರು. ಬಾಗಿಲಲ್ಲಿ ನಿಂತು, ಎಲ್ಲರೂ ಕೈ ನೋಡಿಕೊಂಡಿರಾ ಎಂದು ಕೇಳಿ ಹೋಗುತ್ತಿದ್ದರು. ನೋಡ್ಕೊಂಡೀವ್ರಿ ಎಂದು ಉಳಿದವರ ಜೊತೆ ಹನ್ನವ್ವನೂ ಅನ್ನುತ್ತಿದ್ದಳು. ಅವಳ ಬಾಯಿಂದ ನಾನು ಕೇಳಿದ ಒಂದೇ ಒಂದು ಸುಳ್ಳು ಅದು. ಒಂಬತ್ತು ದಿನ ಹಾಗೇ ಹೋದವು. ಕೊನೆಕೊನೆಗೆ ಅವಳಿಗೆ ಮೈ ಬಿಸಿಯಾಗಿ ನಡುಕ ಬರುತ್ತಿತ್ತು. ಚಳಿಗೆ ಎಂದು ಕಂಬಳಿ ಹೊದ್ದು ಸುತ್ತಿದಳು. ಬುಟ್ಟಿ ತುಂಬಿತು.

ಹಬ್ಬದ ದಿನ ಬೆಳಿಗ್ಗೆ ಫಕೀರವ್ವ ನನ್ನನ್ನು ಹೊತ್ತಳು, ಹನ್ನವ್ವ ಬುಟ್ಟಿ ಹೊತ್ತಳು. ಮಡಚಿದ ಬಲಗೈಯನ್ನು ಎಂದಿನಂತೆ ಸೆರಗಿನ ಒಳಗೆ ಇಟ್ಟುಕೊಂಡಿದ್ದಳು. ಕುಂಬಳಕಾಯಿಗಳ ಪಕ್ಕದಲ್ಲಿ ಬಿಳಿಯ ಪಟ್ಟಿಗಳ ಬುಟ್ಟಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಊರಿನವರು ಕೂಡ ಕತ್ತು ಚಾಚಿ ನೋಡಿದರು. ಹನ್ನವ್ವನ ಮುಖ ಅಷ್ಟು ಅರಳಿದ್ದನ್ನು ಹತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. ಅಯ್ಯನವರು ಪ್ರತಿಯೊಂದು ಕಾಣಿಕೆಯನ್ನೂ ಎತ್ತಿ ಹಿಡಿದು ಪ್ರಾರ್ಥಿಸುತ್ತ ಬಂದು ಬುಟ್ಟಿಯ ಮೇಲಿನ ಒಂದು ಉರುಳೆಯನ್ನು ಎತ್ತಿದರು. ಅದರ ತಳದಲ್ಲಿ ಹಳದಿ ಕಲೆ ಇತ್ತು, ಕಲೆಯ ನಡುವೆ ಕೆಂಪು.

ಅಯ್ಯನವರಿಗೆ ಅದು ಕಾಣಲಿಲ್ಲ. ಮುಂದಿನ ಸಾಲಿನಲ್ಲಿದ್ದ ಸಿಸ್ಟರ್ ರತ್ನಪ್ರಭಾ ಅವರಿಗೆ ಕಂಡಿತು. ಪ್ರಾರ್ಥನೆಯ ನಡುವೆಯೇ ಎದ್ದು ಬಂದರು. ಹನ್ನವ್ವನ ಸೆರಗು ಸರಿಸಿ ಆ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಹತ್ತಿರ ನಿಂತವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಹನ್ನವ್ವ ತನ್ನದೇ ಅಂಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತಿದ್ದಳು. ಸಿಸ್ಟರ್ ಅಳುತ್ತಿದ್ದರು.

ಬುಟ್ಟಿಯ ಪಟ್ಟಿಗಳೆಲ್ಲ ತಿರುಗಿ ಹಂಡೆಗೆ ಹೋದವು. ದೊಡ್ಡ ಡಾಕ್ಟರು ಮರುದಿನ ಬಂದರು. ಬೆರಳುಗಳನ್ನು ನೆಟ್ಟಗೆ ಮಾಡಬೇಕಾದ ಅವರು ಎಲುಬಿನವರೆಗೆ ಕೀವು ಇಳಿದಿದ್ದರಿಂದ ಅವಳ ಬಲಗೈಯ ಮೂರು ಬೆರಳುಗಳನ್ನೂ ಅರ್ಧ ಅಂಗೈಯನ್ನೂ ತೆಗೆಯಬೇಕಾಯಿತು. ಹೆಬ್ಬೆರಳು ಮತ್ತು ತೋರುಬೆರಳು ಉಳಿದವು. ಆ ಗಾಯಕ್ಕೆ ಕಟ್ಟಿದ ಪಟ್ಟಿಯನ್ನು ನನ್ನ ಮೇಲೆಯೇ ಸುತ್ತಿದ್ದರು. ನನ್ನನ್ನು ಮುರಿದು ಒಲೆಗೆ ಹಾಕಬಾರದೇ ಎಂದು ಎಷ್ಟೋ ಸಲ ಅಂದುಕೊಂಡೆ.

ಅವಳು ಮತ್ತೆ ಗೋಡೆಗೆ ಮುಖ ಮಾಡಿ ಕುಳಿತಳು. ಹದಿನೈದು ದಿನ ಮಾತಿಲ್ಲ. ಒಂದು ಮಧ್ಯಾಹ್ನ ಸಿಸ್ಟರ್ ಗಾಯ ಬಿಚ್ಚಿ ತೊಳೆಯುತ್ತಿದ್ದಾಗ ಗೋಡೆಯ ಕಡೆ ನೋಡುತ್ತಲೇ ಕೇಳಿದಳು.

"ಬಾಯಾರ, ನಾ ಏನ್ ಕದ್ದಿದ್ದೆ ಅಂತ ದೇವರು ನನ್ನ ಕೈ ತಗೊಂಡ? ಆತನ ಕೆಲಸಾನ ಮಾಡಾಕತ್ತಿದ್ದೆನಲ್ರಿ."

ಸಿಸ್ಟರ್ ಆ ಕೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. "ದೇವರು ತಗೊಂಡಿಲ್ಲ ಹನ್ನವ್ವ. ಪಟ್ಟಿ ಆತನ ಕೆಲಸ ಅಂದಿ, ಖರೇನ. ನಿನ್ನ ಕೈ ನೋಡ್ಕೊಳ್ಳೂದೂ ಆತನ ಕೆಲಸಾನ ಆಗಿತ್ತು. ಅದನ್ನ ನೀ ಮರ್ತಿ. ಬಾಗಲದಾಗ ನಿಂತು ಕೇಳಿ ಹೋದೆನಲ್ಲ, ನಾನೂ ಮರ್ತೆ."

ಆ ಮಾತಿನಿಂದ ಹನ್ನವ್ವನಿಗೆ ಸಮಾಧಾನವಾಯಿತು ಎಂದು ನಾನು ಹೇಳಲಾರೆ. ಅವಳು ಆ ರಾತ್ರಿಯೂ ಊಟ ಮಾಡಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಫಕೀರವ್ವ ನನ್ನ ಮುಂದೆ ಕೆಲಸಕ್ಕೆ ಕೂರುವಾಗ ಹನ್ನವ್ವ ತಟ್ಟನೆ ತಿರುಗಿ, ರಾಟಿಯನ್ನು ಇಲ್ಲಿ ತಾ ಎಂದಳು. ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಗಿ, ನನ್ನ ಹಿಡಿಕೆಗೆ ಕೆನ್ನೆ ಹಚ್ಚಿದಳು. ರೂಬೇನಪ್ಪ ಹಾಗೆ ಮಾಡುತ್ತಿದ್ದದ್ದನ್ನು ಅವಳು ನೋಡಿದ್ದಳು. ಸಿಬಿರು ಇದ್ದ ಜಾಗ ಬಂದಾಗ ಅವಳ ಮುಖ ಒಮ್ಮೆ ಸೆಟೆಯಿತು.

"ಇಲ್ಲೈತಿ ನೋಡ," ಎಂದಳು ಫಕೀರವ್ವನಿಗೆ.

ಫಕೀರವ್ವ ಗಾಜಿನ ಚೂರಿನಿಂದ ಅದನ್ನು ಹೆರೆದಳು. ಹನ್ನವ್ವ ಮತ್ತೆ ಕೆನ್ನೆ ಹಚ್ಚಿ ನೋಡಿದಳು. ಆಮೇಲೆ ಒಂದು ಹಳೆಯ ಪಟ್ಟಿಯನ್ನು ಎಡಗೈಯಿಂದಲೂ ಹಲ್ಲಿನಿಂದಲೂ ಎಳೆದು ನನ್ನ ಹಿಡಿಕೆಗೆ ದಪ್ಪನಾಗಿ ಸುತ್ತಿ ಗಂಟು ಹಾಕಿದಳು. ಊರಿನವರಿಗೆಲ್ಲ ಪಟ್ಟಿ ಸುತ್ತಿಕೊಟ್ಟ ನನಗೆ ಅವಳು ಪಟ್ಟಿ ಕಟ್ಟಿದಳು. ಅವಳ ಕೈ ತಿಂದದ್ದು ನಾನು. ಅವಳು ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ, ಅದೇ ನನ್ನನ್ನು ಇಂದಿಗೂ ಸುಡುತ್ತದೆ.

ಅಂದಿನಿಂದ ತಿರುಗಿಸುವವಳು ಫಕೀರವ್ವ. ಹನ್ನವ್ವನ ಕೆಲಸ ಬೇರೆಯಾಯಿತು. ದಿನಾ ಬೆಳಿಗ್ಗೆ ನನ್ನ ಹಿಡಿಕೆಯನ್ನೂ ಕಸಬರಿಗೆಯ ಕಟ್ಟನ್ನೂ ಸೌಟಿನ ಹಿಡಿಯನ್ನೂ ಒಂದೊಂದಾಗಿ ಕೆನ್ನೆಗೆ ಹಿಡಿದು ನೋಡುವಳು. ಸಂಜೆ ನಾಲ್ಕಕ್ಕೆ ಪಡಸಾಲೆಯ ಸಾಲಿನಲ್ಲಿ ಒಬ್ಬೊಬ್ಬರ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಕೈ ತೋರಿಸು ಎನ್ನುವಳು. ನೋಡ್ಕೊಂಡೀನಿ ಬಿಡವ್ವ ಎಂದರೆ ಬಿಡುತ್ತಿರಲಿಲ್ಲ. ನಾನೂ ಹಾಂಗ ಅಂದಿದ್ದೆ ಎಂದು ಮೊಂಡ ಕೈಯನ್ನು ಮುಂದೆ ಹಿಡಿಯುವಳು. ಬೈಸಿಕೊಂಡಳು, ಕೆಲವರು ಕೈ ಕೊಸರಿಕೊಂಡರು. ಒಂದು ದಿನವೂ ತಪ್ಪಿಸಲಿಲ್ಲ. ಗಾಯವಿಲ್ಲದಿದ್ದರೆ, ಹೊಸಾ ಗಾಯ ಇಲ್ಲವ್ವ ಎಂದು ಗಟ್ಟಿಯಾಗಿ ಹೇಳಿ ಮುಂದಿನವಳ ಹತ್ತಿರ ಸರಿಯುವಳು. ಆ ವಾರ್ಡಿನಲ್ಲಿ ಆಮೇಲೆ ಎಷ್ಟು ಬೆರಳುಗಳು ಉಳಿದವು ಎಂದು ಯಾರೂ ಲೆಕ್ಕ ಇಡಲಿಲ್ಲ. ಉಳಿದ ಬೆರಳು ಎಲ್ಲರ ಬೆರಳಿನ ಹಾಗೆಯೇ ಕಾಣುತ್ತದೆ, ಅದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಪ್ರಭುಭೋಜನವನ್ನು ಅವಳು ಎಡಗೈಯಲ್ಲಿ ತೆಗೆದುಕೊಳ್ಳತೊಡಗಿದಳಂತೆ, ಮೊಂಡ ಬಲಗೈಯನ್ನು ಅದರ ಕೆಳಗೆ ಇಟ್ಟು. ದೇವರ ಮುಂದೆ ಎಡಗೈ ಚಾಚಲು ಅವಳಿಗೆ ಕೊನೆಯವರೆಗೂ ನಾಚಿಕೆ ಹೋಗಲಿಲ್ಲ ಎಂದು ಫಕೀರವ್ವ ಹೇಳುತ್ತಿದ್ದಳು. ಸುಗ್ಗಿ ಹಬ್ಬಕ್ಕೆ ಮತ್ತೆಂದೂ ಬುಟ್ಟಿ ಹೊರಲಿಲ್ಲ, ಹಿಂದಿನ ಸಾಲಿನಲ್ಲಿ ಬರಿಗೈಯಲ್ಲಿ ಕುಳಿತಿರುತ್ತಿದ್ದಳು. ಈ ಸಲ ಏನೂ ತರಲಿಲ್ಲವೇ ಎಂದು ಊರಿನ ಹೆಂಗಸೊಬ್ಬಳು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ಫಕೀರವ್ವ ನೂರು ಸಲ ಹೇಳಿದ್ದಾಳೆ.

"ನಂದು ಬುಟ್ಟ್ಯಾಗ ತರೂವಂಥಾದ್ದಲ್ಲ ಬಿಡ್ರಿ."

ಹನ್ನವ್ವ ಕೊನೆಯ ಜಡ್ಡಿನಲ್ಲಿ ಮಲಗಿದಾಗ ನನ್ನನ್ನು ಅವಳ ಮಂಚದ ಪಕ್ಕಕ್ಕೇ ಇಡಿಸಿಕೊಂಡಳು. ಫಕೀರವ್ವ ಅಲ್ಲಿಯೇ ಕುಳಿತು ಸುತ್ತುತ್ತಿದ್ದಳು. ಒಂದು ಬೆಳಿಗ್ಗೆ ಉರುಳೆಯೊಂದು ಅರ್ಧವಾಗಿದ್ದಾಗ ಹನ್ನವ್ವನ ಉಸಿರು ನಿಂತಿತು. ಸಿಸ್ಟರ್ ರತ್ನಪ್ರಭಾ ಅಷ್ಟರಲ್ಲಿ ನಿವೃತ್ತರಾಗಿ ಕಂಪೌಂಡಿನ ಮೂಲೆಯ ಮನೆಯಲ್ಲಿದ್ದರು. ಕೋಲೂರಿಕೊಂಡು ಬಂದರು. ಸತ್ತವರ ಎರಡು ಹೆಬ್ಬೆರಳು ಸೇರಿಸಿ ಪಟ್ಟಿಯಿಂದ ಕಟ್ಟುವುದು ರೂಢಿ. ಫಕೀರವ್ವ ಅರ್ಧ ಸುತ್ತಿದ್ದ ಆ ಪಟ್ಟಿಯನ್ನೇ ಹರಿದು ಕೊಟ್ಟಳು. ಸಿಸ್ಟರ್ ಕೂಡಲೇ ಕಟ್ಟಲಿಲ್ಲ. ಹನ್ನವ್ವನ ಎಡಗೈಯನ್ನು ಮೇಲೆ ಮಾಡಿ ಬೆರಳು ಬಿಡಿಸಿ ನೋಡಿದರು. ಮೊಂಡ ಬಲಗೈಯನ್ನೂ ಹೊರಳಿಸಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಹೊಸಾ ಗಾಯ ಇಲ್ಲವ್ವ," ಎಂದು ಅವಳಿಗೆ ಹೇಳಿ, ಆಮೇಲೆ ಕಟ್ಟಿದರು.

ಈಗ ನಾನು ಸ್ಟೋರಿನಲ್ಲಿ ಇದ್ದೇನೆ, ಮುರಿದ ತಕ್ಕಡಿ ಮತ್ತು ತುಕ್ಕು ಹಿಡಿದ ಬೋಗುಣಿಗಳ ನಡುವೆ. ಪಟ್ಟಿಗಳು ಈಗ ಕಾಗದದ ಪೊಟ್ಟಣದಲ್ಲಿ ಸುತ್ತಿಕೊಂಡೇ ಬರುತ್ತವೆ. ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಫಕೀರವ್ವನೂ ಹೋದಳು. ಧೂಳು ಕುಡಿಯುತ್ತ ನಾನು ಒಂದೇ ವಿಷಯ ಯೋಚಿಸುತ್ತೇನೆ. ಹನ್ನವ್ವನ ಹುರುಪಿನಲ್ಲಿ ತಪ್ಪಿತ್ತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಬುಟ್ಟಿ ತುಂಬಿಸಿದ ಹುರುಪೂ ಕೈ ತೋರಿಸು ಎಂದು ಕಾಡಿದ ಹುರುಪೂ ಒಂದೇ. ಮೊದಲನೆಯದರಲ್ಲಿ ಅವಳು ತನ್ನನ್ನು ಮಾತ್ರ ಮರೆತಿದ್ದಳು, ಆ ಮರೆವಿಗೆ ಅಷ್ಟು ದೊಡ್ಡ ಬೆಲೆ ತೆರಬೇಕಾಗಿರಲಿಲ್ಲ.

ಮೊನ್ನೆ ಒಬ್ಬ ಹೊಸ ನರ್ಸು ಹುಡುಗಿ ಸ್ಟೋರು ಗುಡಿಸಲು ಬಂದಳು. ಇದೇನು ಎಂದು ನನ್ನನ್ನು ಎತ್ತಿಕೊಂಡು, ಹಿಡಿಕೆಯ ಕೊಳೆಬಟ್ಟೆಯನ್ನು ಬಿಚ್ಚಿದಳು. ಇಷ್ಟು ವರ್ಷ ಒಣಗಿ ನನ್ನ ಹಳೆಯ ಬಿರುಕು ಮತ್ತೆ ಬಾಯಿ ತೆರೆದಿತ್ತು. ಬೇಡ ತಾಯಿ, ಬೆರಳು ಹಚ್ಚಬೇಡ, ಮೊದಲು ಕೆನ್ನೆಗೆ ಹಿಡಿದು ನೋಡು ಎಂದು ನಾನು ಒಳಗೇ ಕೂಗಿಕೊಂಡೆ. ಅವಳು ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿಸಿದಳು. ಅರ್ಧ ಸುತ್ತೂ ಆಗಿರಲಿಲ್ಲ, ಸ್ಸ್ ಎಂದು ಕೈ ಹಿಂದಕ್ಕೆ ಎಳೆದುಕೊಂಡು ಬೆರಳನ್ನು ಬಾಯಲ್ಲಿ ಇಟ್ಟುಕೊಂಡಳು.

ಆ ಹುಡುಗಿಗೆ ನೋವಾಯಿತು. ದೇವರೇ, ಎಷ್ಟು ಒಳ್ಳೆಯದಾಯಿತು!